ಹಿಂಗಾರಿ ರೊಟ್ಟಿಜೋಳ ಮತ್ತು ಗೋಧಿ: ವಿಜಯನಗರ ಜಿಲ್ಲೆಯ ಐದು ತಾಲೂಕುಗಳಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳಲ್ಲಿ ಹಿಂಗಾರಿ ಹಂಗಾಮಿನಲ್ಲಿ ಬಿತ್ತಿ, ಚಳಿಗಾಲ ಮುಗಿಯುವ ಹೊತ್ತಿಗೆ ಕಣ ಸೇರುವ ರೊಟ್ಟಿಯ ಧಾನ್ಯ ಬಿಳಿಜೋಳ. ನೀರಾವರಿ ಇರುವ ಹೊಲಗಳಲ್ಲಿ ಅಲ್ಲಲ್ಲಿ ಗೋಧಿಯೂ ಉಂಟು. ಆದರೆ ಅದರ ಪಾಲು ಚಿಕ್ಕದು. ಈ ಸೀಮೆಯಲ್ಲಿ ಒಂದು ತಳಿ ನಂಬಿಕೆ ಗಳಿಸಬೇಕಾದರೆ ಎರಡು ಪರೀಕ್ಷೆ ಗೆಲ್ಲಬೇಕು. ಮಳೆ ಕೈಕೊಟ್ಟ ವರ್ಷವೂ ಅದು ಕಾಳು ಮೇವು ಎರಡನ್ನೂ ಕೊಡಬೇಕು. ಅದರ ಹಿಟ್ಟು ರೊಟ್ಟಿ ತಟ್ಟುವ ಕೊಣಮಿಗೆಯಲ್ಲಿ ಜಿಗಿ ಹಿಡಿದು ಬಿರಿಯದೆ ತಟ್ಟಿಸಿಕೊಳ್ಳಬೇಕು. 1930ರ ದಶಕದಲ್ಲಿ ಆಯ್ದ ಮಾಲ್ದಂಡಿ ಜೋಳ (ಎಂ 35-1) ಇಂದಿಗೂ ಹಿಂಗಾರಿ ಹೊಲದಲ್ಲಿ ಉಳಿದಿರುವುದು ಈ ಎರಡನ್ನೂ ಗೆದ್ದುದರಿಂದ. ಅದಕ್ಕಿಂತ ಹೆಚ್ಚು ಇಳುವರಿ ಕೊಡುವ ತಳಿಗಳು ಹಲವು ಬಂದಿವೆ. ಎರಡು ಪರೀಕ್ಷೆಯನ್ನೂ ಒಟ್ಟಿಗೆ ಗೆದ್ದವು ಕಡಿಮೆ.

ನೆಲ ಮತ್ತು ಮಳೆ

ಐದೂ ತಾಲೂಕುಗಳು ಕರ್ನಾಟಕದ ಉತ್ತರ ಒಣ ವಲಯಕ್ಕೆ ಸೇರಿವೆ. ವರ್ಷದ ಮಳೆ ಸಾಮಾನ್ಯವಾಗಿ 500ರಿಂದ 650 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಮಳೆಯ ಮೊತ್ತಕ್ಕಿಂತ ಅದರ ಹಂಚಿಕೆಯೇ ಇಲ್ಲಿನ ದೊಡ್ಡ ಚಿಂತೆ. ಜೂನ್, ಜುಲೈಗಳಲ್ಲಿ ಮೋಡ ಕಟ್ಟಿದರೂ ಪಶ್ಚಿಮ ಘಟ್ಟದ ಮಳೆನೆರಳು ಹನಿಗಳನ್ನು ತಡೆಯುತ್ತದೆ. ನೆಲ ತಣಿಯುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಹುಬ್ಬಿಯಿಂದ ಚಿತ್ತೆಯವರೆಗಿನ ಮಳೆಗಳಲ್ಲಿ. ಹಿಂಗಾರಿ ಬೇಸಾಯದ ಲೆಕ್ಕಾಚಾರವೆಲ್ಲ ಈ ಕೆಲವು ವಾರಗಳ ಮೇಲೆ ನಿಂತಿದೆ.

ನೆಲ ಎರಡು ಬಗೆ. ಕೂಡ್ಲಿಗಿ ಕಡೆ ಗ್ರಾನೈಟ್ ಬಂಡೆ ಸವೆದು ಬಂದ ಕೆಂಪು ಮಸಾರಿ ಹೆಚ್ಚು. ಅದು ನೀರನ್ನು ಬೇಗ ಕುಡಿದು ಬೇಗ ಬಿಡುತ್ತದೆ. ಶೇಂಗಾ, ಸಜ್ಜೆ, ನವಣೆ, ಮುಂಗಾರಿ ಜೋಳಕ್ಕೆ ಒಗ್ಗುತ್ತದೆ. ತುಂಗಭದ್ರೆಯ ಕಡೆಗೆ, ಹಡಗಲಿ, ಹರಪನಹಳ್ಳಿ ಮತ್ತು ಹಗರಿಬೊಮ್ಮನಹಳ್ಳಿ ತಾಲೂಕುಗಳ ಹಲವು ಭಾಗಗಳಲ್ಲಿ ಎರೆ ಹೊಲಗಳಿವೆ. ಎರೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಂದು ಮೀಟರ್ ಆಳದ ಎರೆ ಪೂರ್ತಿ ನೆನೆದರೆ ಬೆಳೆಯ ಬೇರಿಗೆ ಎಟುಕುವ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬಿತ್ತನೆಯ ನಂತರ ಒಂದು ಹನಿ ಬೀಳದಿದ್ದರೂ ಜೋಳ ತೆನೆ ಕಟ್ಟುವುದು ಈ ಕೂಡಿಟ್ಟ ತೇವದ ಬಲದಿಂದ. ಎರೆ ಎಷ್ಟು ಆಳವೋ ಬೆಳೆಯ ಭರವಸೆ ಅಷ್ಟು. ಒಂದೂವರೆ ಎರಡಡಿಗೇ ಸುಣ್ಣಗರಸು ಸಿಗುವ ಹೊಲದಲ್ಲಿ ಅದೇ ತಳಿ ಜನವರಿ ಬರುವ ಮೊದಲೇ ಬಾಡುತ್ತದೆ.

ಆಡಳಿತದ ಹಿನ್ನೆಲೆ

1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಈ ಪ್ರದೇಶವೂ ಇತ್ತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿನ ಮುಖ್ಯ ಕಲೆಕ್ಟರ್ ಆಗಿದ್ದ. 1876-78ರ ಮಹಾಬರದಲ್ಲಿ, ಆಗ ಈ ಪ್ರದೇಶ ಸೇರಿದ್ದ ಬಳ್ಳಾರಿ ಜಿಲ್ಲೆ ಬಹಳ ನಲುಗಿತು. ಮುಂದೆ ಮದರಾಸು ಸರ್ಕಾರ 1906ರಲ್ಲಿ ಬಳ್ಳಾರಿ ಬಳಿಯ ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು ಒಣ ಬೇಸಾಯದ ಪ್ರಯೋಗಗಳಿಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ಟಕ್‌ಗಳ ಜೊತೆ ಹಗರಿಯನ್ನೂ ಆರಿಸಿಕೊಂಡಿತು. ಬದು ಹಾಕುವುದು, ತೇವ ಕಾಯುವುದು, ಸಾಲಿನ ಅಂತರ ಹೆಚ್ಚಿಸುವುದು ಮುಂತಾದ ಒಣ ಬೇಸಾಯದ ಪಾಠಗಳಿಗೆ ವೈಜ್ಞಾನಿಕ ತಳಹದಿ ದೊರೆತದ್ದು ಆ ಕಾಲದಲ್ಲಿ.

1953ರ ಅಕ್ಟೋಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲೂಕಾಯಿತು. 2021ರಲ್ಲಿ ಹೊಸಪೇಟೆಯೂ ಸೇರಿ ಆರು ತಾಲೂಕುಗಳ ವಿಜಯನಗರ ಜಿಲ್ಲೆ ರೂಪುಗೊಂಡಿತು. ಕೃಷಿ ಶಿಕ್ಷಣ ಮತ್ತು ಸಂಶೋಧನೆಯಲ್ಲಿ ಈ ಭಾಗ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ.

ಮಾಲ್ದಂಡಿ ತಳಿ

ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಮಾಲ್ದಂಡಿ ಎಂಬ ನಾಟಿ ಜೋಳದ ತೆನೆಗಳನ್ನು ಆಯ್ದು ಶುದ್ಧಗೊಳಿಸಿದ ತಳಿಯೇ ಎಂ 35-1. ಸಸ್ಯಶಾಸ್ತ್ರದ ಪ್ರಕಾರ ಇದು ಸೋರ್ಗಮ್ ಬೈಕಲರ್ ಪ್ರಭೇದದ ‘ದುರ್ರ’ ಪಂಗಡಕ್ಕೆ ಸೇರುತ್ತದೆ. ಗಿಡ ಆಳೆತ್ತರ ಮೀರಿ ಬೆಳೆಯುತ್ತದೆ, ತೆನೆ ಒತ್ತಾಗಿರುತ್ತದೆ, ಕಾಳು ದಪ್ಪ, ದುಂಡು, ಮುತ್ತಿನ ಬಿಳುಪು. ಬಿತ್ತಿದ 115ರಿಂದ 125 ದಿನಗಳಲ್ಲಿ ಕಟಾವಿಗೆ ಬರುತ್ತದೆ.

ಈ ತಳಿಯ ಭರವಸೆಗೆ ಕಾರಣಗಳು ಹಲವು. ಹಗಲು ಕುಗ್ಗುತ್ತ ಬಂದಾಗ ಹೂ ಬಿಡುವುದು ಹಿಂಗಾರಿ ಜೋಳದ ಸ್ವಭಾವ. ಆದ್ದರಿಂದ ಬಿತ್ತನೆ ಹತ್ತು ಹದಿನೈದು ದಿನ ಹಿಂದುಮುಂದಾದರೂ ತೇವ ಪೂರ್ತಿ ಆರುವ ಮೊದಲು ತೆನೆ ಹೊರಬರುತ್ತದೆ. ಬೇರು ಆಳಕ್ಕಿಳಿದು ಕೆಳಪದರದ ನೀರನ್ನು ಹೀರುತ್ತದೆ. ಸುಳಿ ನೊಣವನ್ನೂ ಕಾಂಡದ ಇದ್ದಿಲು ಕೊಳೆ ರೋಗವನ್ನೂ ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ. ಕಾಳು ಬಲಿಯುವಾಗ ಮಳೆ ಇರದ ಕಾರಣ, ಮುಂಗಾರಿ ಜೋಳಕ್ಕೆ ಕಾಟ ಕೊಡುವ ಕಾಳಿನ ಬೂಷ್ಟು ಇದಕ್ಕೆ ತಗಲುವುದು ಅಪರೂಪ. ಕಾಳಿನ ಹೊಳಪು ಕೆಡದೆ ಉಳಿಯುವುದರಿಂದ ಪೇಟೆಯಲ್ಲಿ ಮಾಲ್ದಂಡಿಗೆ ಯಾವಾಗಲೂ ಮೇಲು ಬೆಲೆ. ಕೇಂದ್ರ ಸರ್ಕಾರವೂ ಬೆಂಬಲ ಬೆಲೆಯಲ್ಲಿ ಇದನ್ನು ಬೇರೆಯಾಗಿ ಹೆಸರಿಸುತ್ತದೆ. 2024-25ರಲ್ಲಿ ಕ್ವಿಂಟಲ್ ಹೈಬ್ರಿಡ್ ಜೋಳಕ್ಕೆ 3,371 ರೂಪಾಯಿ, ಮಾಲ್ದಂಡಿಗೆ 3,421 ರೂಪಾಯಿ ನಿಗದಿಯಾಗಿತ್ತು.

ಮೇವಿನ ಮಾತು ಕಾಳಿನಷ್ಟೇ ತೂಕದ್ದು. ಈ ತಾಲೂಕುಗಳ ಎತ್ತು, ಎಮ್ಮೆಗಳು ಬೇಸಿಗೆಯ ನಾಲ್ಕು ತಿಂಗಳು ಬದುಕುವುದು ಜೋಳದ ಕಣಿಕೆಯ ಮೇಲೆ. ಎತ್ತರದ ಗಿಡದ ರಸಭರಿತ ದಂಟು ಒಣಗಿದ ಮೇಲೂ ದನಗಳಿಗೆ ರುಚಿಸುತ್ತದೆ. ಕಾಳು ಕಡಿಮೆಯಾದ ವರ್ಷ ಬಣವೆಯೇ ರೈತನ ಖರ್ಚು ಹೊರುತ್ತದೆ. ಗಿಡ್ಡ ತಳಿಗಳನ್ನು ಇಲ್ಲಿನ ಒಕ್ಕಲಿಗರು ಒಪ್ಪದಿರಲು ಇದು ಮುಖ್ಯ ಕಾರಣ.

ಬೇರೆ ತಳಿಗಳು

ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1, 1964ರಲ್ಲಿ ಬಂದು ಮುಂಗಾರಿ ಇಳುವರಿಯನ್ನು ಏರಿಸಿತು. ಹಿಂಗಾರಿನಲ್ಲಿ ಅಂಥ ಜಿಗಿತ ಆಗಲಿಲ್ಲ. ಮುಂಗಾರಿ ಹೈಬ್ರಿಡ್‌ಗಳ ಆಫ್ರಿಕನ್, ಅಮೆರಿಕನ್ ಮೂಲದ ತಂದೆತಾಯಿಗಳು ಇಳುವರಿಯ ಜೊತೆಗೆ ಕಾಳಿನ ಹೊಳಪು ಕುಗ್ಗಿಸುವ ಗುಣಗಳನ್ನೂ ಸುಳಿ ನೊಣಕ್ಕೆ ಬೇಗ ತುತ್ತಾಗುವ ಗುಣಗಳನ್ನೂ ತಂದವು. ಹೀಗಾಗಿ ಹಿಂಗಾರಿ ತಳಿ ಅಭಿವೃದ್ಧಿ ಬಹುಪಾಲು ದೇಶಿ ದುರ್ರ ಜೋಳಗಳ ಆಯ್ಕೆ ಮತ್ತು ಸಂಕರದ ಹಾದಿ ಹಿಡಿಯಿತು. ಉತ್ತರ ಕರ್ನಾಟಕದಲ್ಲಿ ಮುಗುತಿ (5-4-1), ಡಿಎಸ್‌ವಿ-4, ಡಿಎಸ್‌ವಿ-5, ಬಿಜೆವಿ-44, ಸಿಎಸ್‌ವಿ-29ಆರ್ ಮೊದಲಾದ ತಳಿಗಳು ಬಳಕೆಗೆ ಬಂದಿವೆ. ಈ ಕೆಲಸದಲ್ಲಿ ವಿಜಯಪುರದ ಪ್ರಾದೇಶಿಕ ಸಂಶೋಧನಾ ಕೇಂದ್ರದ ಪಾಲು ದೊಡ್ಡದು. ಪ್ರತಿ ಹೊಸ ತಳಿಯನ್ನೂ ಮಾಲ್ದಂಡಿಯ ಪಕ್ಕದಲ್ಲಿ ಬಿತ್ತಿ ಹೋಲಿಸುವ ವಾಡಿಕೆ ಎಂಟು ದಶಕಕ್ಕೂ ಹಳೆಯ ಆಯ್ಕೆಯೊಂದಕ್ಕೆ ಸಿಕ್ಕ ಗೌರವ.

ಬೇಸಾಯ ಕ್ರಮ

ಮುಂಗಾರು ಕಾಲದಲ್ಲಿ ಎರೆ ಹೊಲವನ್ನು ಬೀಳು ಬಿಟ್ಟು ಎರಡು ಮೂರು ಸಲ ಕುಂಟೆ ಹೊಡೆಯುತ್ತಾರೆ. ಕಳೆ ಸಾಯುತ್ತದೆ, ಬಿದ್ದ ಮಳೆ ನೆಲಕ್ಕಿಳಿಯುತ್ತದೆ. ಹೊಲವನ್ನು ಸಣ್ಣ ಬದುಗಳಿಂದ ಚೌಕುಮಡಿಗಳಾಗಿ ವಿಂಗಡಿಸಿದರೆ ಜೋರು ಮಳೆಯ ನೀರು ಹರಿದುಹೋಗದೆ ಅಲ್ಲಲ್ಲೇ ಇಂಗುತ್ತದೆ. ಹೆಚ್ಚು ಹಣ ಬೇಡದ, ಹೆಚ್ಚು ಫಲ ಕೊಡುವ ಕ್ರಮ ಇದು. ಒಣ ಬೇಸಾಯದ ರೈತನಿಗೆ ತಳಿಗಿಂತ ಮೊದಲು ಹೇಳಬೇಕಾದ ಮಾತೂ ಇದೇ: ತೇವ ಕೂಡಿಡದ ಹೊಲದಲ್ಲಿ ಯಾವ ತಳಿಯೂ ನಂಬಿಕೆ ಉಳಿಸದು.

ಬಿತ್ತನೆಗೆ ಉತ್ತರೆ, ಹಸ್ತ ಮಳೆಗಳ ಹದ ಒಳ್ಳೆಯದು. ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಚಿತ್ತೆಯವರೆಗೂ ಬಿತ್ತುವವರಿದ್ದಾರೆ. ತಡವಾದಷ್ಟೂ ಸುಳಿ ನೊಣದ ಕಾಟ ಹೆಚ್ಚುತ್ತದೆ, ಕಾಳು ತುಂಬುವ ಹೊತ್ತಿಗೆ ತೇವ ಕುಗ್ಗುತ್ತದೆ. ಎಕರೆಗೆ ಸುಮಾರು 3 ಕಿಲೋ ಬೀಜ ಸಾಕು. ಕೂರಿಗೆಯಲ್ಲಿ 45 ಸೆಂಟಿಮೀಟರ್ ಅಂತರದ ಸಾಲು ಬಿತ್ತಿ, ಸಾಲಿನೊಳಗೆ ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಉಳಿಯುವಂತೆ ಹೆಚ್ಚಿನ ಸಸಿ ಕೀಳುತ್ತಾರೆ. ಕಾಡಿಗೆ ರೋಗ ತಡೆಯಲು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಲೇಪಿಸುವುದು ಹಳೆಯ, ಅಗ್ಗದ ಉಪಾಯ. ಬರ ತಾಳಲೆಂದು ಬೀಜವನ್ನು ಶೇಕಡ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ 8 ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತುವ ಕ್ರಮವನ್ನೂ ಶಿಫಾರಸು ಮಾಡಲಾಗಿದೆ.

ಬೆಳೆ ಮೊಣಕಾಲೆತ್ತರ ಬರುವುದರೊಳಗೆ ಎರಡು ಮೂರು ಬಾರಿ ಎಡೆ ಹೊಡೆಯಬೇಕು. ಕಳೆ ತೆಗೆಯುವುದು ಅದರ ಒಂದು ಉದ್ದೇಶವಷ್ಟೆ. ಎಡೆಕುಂಟೆ ಮೇಲ್ಮಣ್ಣನ್ನು ಪುಡಿಮಾಡಿ ಬಿರುಕುಗಳನ್ನು ಮುಚ್ಚುತ್ತದೆ. ಬಿರುಕಿನ ಮೂಲಕ ಆವಿಯಾಗುತ್ತಿದ್ದ ನೀರು ಬೇರಿಗೆ ಉಳಿಯುತ್ತದೆ. ಜೋಳದ ನಡುವೆ ಅಕ್ಕಡಿಯಾಗಿ ಕಡಲೆ, ಕುಸುಬೆ ಹಾಕುವ ಪದ್ಧತಿಯುಂಟು. ದಾರಿ ಬದಿಯ ಹೊಲಕ್ಕೆ ಸುತ್ತ ಕುಸುಬೆ ಬಿತ್ತಿದರೆ ಅದರ ಮುಳ್ಳು ದನಗಳನ್ನು ತಡೆಯುತ್ತದೆ.

ಕೀಟ ಮತ್ತು ರೋಗ

ಮೊಳಕೆಯೊಡೆದ ಮೊದಲ ತಿಂಗಳು ಸುಳಿ ನೊಣದ ಕಾಲ. ಎಲೆಯ ಅಡಿಯಲ್ಲಿಟ್ಟ ಮೊಟ್ಟೆಯಿಂದ ಹೊರಬಂದ ಹುಳು ಸುಳಿಯ ಬುಡ ಕೊರೆಯುತ್ತದೆ, ಸುಳಿ ಒಣಗಿ ಎಳೆದರೆ ಕಿತ್ತು ಬರುತ್ತದೆ. ಹೊತ್ತಿಗೆ ಬಿತ್ತುವುದೇ ಇದಕ್ಕೆ ಮೊದಲ ಮದ್ದು. ಹೂವಿನ ನಂತರ ತೇವ ಸಾಲದೆ ಗಿಡ ಬಳಲಿದಾಗ ಇದ್ದಿಲು ಕೊಳೆ ಕಾಣಿಸಿಕೊಳ್ಳುತ್ತದೆ. ದಂಟಿನ ಬುಡ ಟೊಳ್ಳಾಗಿ, ಸೀಳಿ ನೋಡಿದರೆ ಒಳಗಿನ ನಾರುಗಳ ಮೇಲೆ ಕಪ್ಪು ಪುಡಿ ಕಾಣುತ್ತದೆ. ತೆನೆ ಹೊತ್ತ ಗಿಡ ನೆಲಕ್ಕೊರಗುತ್ತದೆ. ಗಿಡಗಳನ್ನು ದಟ್ಟವಾಗಿ ಬಿಟ್ಟ ಹೊಲ, ಸಾರಜನಕ ಅತಿಯಾಗಿ ಸುರಿದ ಹೊಲ ಇದಕ್ಕೆ ಬೇಗ ಬಲಿಯಾಗುತ್ತದೆ. ಚಳಿಯಲ್ಲಿ ಹೇನಿನ ಕಾಟ ಬಂದರೆ ಎಲೆಗಳು ಅಂಟಂಟಾಗಿ ಮೇವು ಕೆಡುತ್ತದೆ.

ಸೀತನಿಯಿಂದ ಕಣದವರೆಗೆ

ಡಿಸೆಂಬರಿನಲ್ಲಿ ಕಾಳು ಹಾಲುದುಂಬಿ ಗಟ್ಟಿಯಾಗುವ ನಡುವಿನ ಕೆಲವು ದಿನ ಸೀತನಿಯ ದಿನಗಳು. ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ತೆಗೆದ ಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಯೊಂದಿಗೆ ಹೊಲದಲ್ಲೇ ತಿನ್ನುತ್ತಾರೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ಹಿಂಗಾರಿ ಬೆಳೆಯ ಹಬ್ಬವೇ ಆಗಿದೆ. ಕಟಾವು ಜನವರಿ ಕೊನೆಯಿಂದ ಫೆಬ್ರವರಿಯವರೆಗೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಸೇರುವ ಜನ ಕಾರ್ಣಿಕದ ನುಡಿಯಲ್ಲಿ ಮುಂದಿನ ಮಳೆ ಬೆಳೆಯ ಸೂಚನೆ ಅರಸುವುದೂ ಇದೇ ಹೊತ್ತಿಗೆ.

ಎರೆ ಹೊಲದಲ್ಲಿ ಜೋಳವನ್ನು ಬೇರುಸಹಿತ ಕಿತ್ತು ಒಣಹಾಕಿ, ಆಮೇಲೆ ತೆನೆ ಮುರಿಯುವುದು ವಾಡಿಕೆ. ಮೇವು ಒಂದಿಷ್ಟೂ ಹಾಳಾಗದ ಈ ಕ್ರಮ ಬಹಳ ಮೈಮುರಿಯುವ ಕೆಲಸ. ಹಿಂದೆ ಕಣದಲ್ಲಿ ರೋಣಗಲ್ಲು ಹೊಡೆದು ರಾಶಿ ಮಾಡುತ್ತಿದ್ದರು. ಈಗ ಒಕ್ಕಣೆ ಯಂತ್ರಗಳಿವೆ. ಕಾಳನ್ನು ಹಿಂದೆ ಹಗೇವುಗಳಲ್ಲಿ ತುಂಬುತ್ತಿದ್ದರು. ಗಾಳಿ ಆಡದ ಆ ನೆಲಗುಂಡಿಗಳಲ್ಲಿ ಹುಳು ಉಸಿರಾಡಲಾಗದೆ ಸಾಯುತ್ತಿತ್ತು, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಬರದ ಸೀಮೆಯಲ್ಲಿ ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ದಾಟಿಸಿದ್ದು ಈ ಹಗೇವುಗಳು. ಮಳೆ ನಂಬಿದ ಹಿಂಗಾರಿ ಜೋಳದ ಇಳುವರಿ ಸಾಮಾನ್ಯವಾಗಿ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಳದ ಎರೆ, ಹೊತ್ತಿನ ಬಿತ್ತನೆ, ಮಧ್ಯದಲ್ಲಿ ಒಂದು ಮಳೆ ಕೂಡಿಬಂದರೆ ಅದಕ್ಕಿಂತ ಮೇಲಕ್ಕೇರುತ್ತದೆ.

ಹಿಟ್ಟು ಮತ್ತು ರೊಟ್ಟಿ

ಗೋಧಿಯ ಹಿಟ್ಟಿಗೆ ನೀರು ಹಾಕಿ ನಾದಿದಾಗ ಗ್ಲೂಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಜಾಲವಾಗುತ್ತದೆ. ಹುದುಗು ಬಿಟ್ಟ ಅನಿಲವನ್ನು ಹಿಡಿದಿಟ್ಟು ಬ್ರೆಡ್ ಉಬ್ಬುವಂತೆ ಮಾಡುವುದು ಈ ಜಾಲ. ಜೋಳದ ಕಾಳಿನಲ್ಲಿ ಸುಮಾರು ಶೇಕಡ 10ರಷ್ಟು ಪ್ರೋಟೀನ್ ಇದ್ದರೂ ಅದರ ಮುಖ್ಯ ಭಾಗವಾದ ಕಾಫಿರಿನ್ ಹೀಗೆ ಹೆಣೆದುಕೊಳ್ಳದು. ಜೋಳದ ರೊಟ್ಟಿಯನ್ನು ಹಿಡಿದು ನಿಲ್ಲಿಸುವುದು ಪಿಷ್ಟ. ಕುದಿಯುವ ಎಸರು ಹಿಟ್ಟಿಗೆ ಬಿದ್ದಾಗ ಪಿಷ್ಟದ ಒಂದು ಪಾಲು ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಉಳಿದ ಹಿಟ್ಟನ್ನು ಅದು ಬೆಸೆಯುತ್ತದೆ. ಎಸರು ಕಡಿಮೆಯಾದರೆ ರೊಟ್ಟಿಯ ಅಂಚು ಬಿರಿಯುತ್ತದೆ, ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತಿಕೊಳ್ಳುತ್ತದೆ. ಅಂಗೈಯಿಂದ ಒತ್ತಿ ನಾದುವುದು, ಕೊಣಮಿಗೆಯಲ್ಲಿ ಸುತ್ತಿಸುತ್ತ ತಟ್ಟುವುದು, ಹೆಂಚಿನ ಮೇಲೆ ಹಾಕಿ ಮೇಲ್ಮೈಗೆ ನೀರು ಸವರುವುದು — ಪ್ರತಿ ಹಂತದಲ್ಲೂ ಪಿಷ್ಟದ ಹದ ಕಾಯುವ ಜಾಣ್ಮೆಯಿದೆ. ಈ ಜಾಣ್ಮೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಹೆಣ್ಣುಮಕ್ಕಳು. ಯಾವ ಜೋಳದ ಹಿಟ್ಟಿನಲ್ಲಿ ‘ಜಿಗಿ’ ಇದೆ, ಯಾವುದು ‘ಬಿರುಸು’ ಎಂದು ಹೇಳಬಲ್ಲ ಅವರ ಕೈಯ ತೀರ್ಪಿನ ಮುಂದೆ ಎಷ್ಟೋ ಹೈಬ್ರಿಡ್‌ಗಳು ಸೋತಿವೆ.

ಮಾಲ್ದಂಡಿಯ ಕಾಳು ತೀರ ಗಾಜಿನಂತೆ ಗಟ್ಟಿಯೂ ಅಲ್ಲ, ಪೂರ್ತಿ ಹಿಟ್ಟುಹಿಟ್ಟೂ ಅಲ್ಲ; ಬೀಸಿದರೆ ನುಣ್ಣಗೆ, ಸಮನಾಗಿ ಒಡೆಯುತ್ತದೆ. ಸಿಪ್ಪೆಯಲ್ಲಿ ಒಗರು ಟ್ಯಾನಿನ್ ಇರದ ಕಾರಣ ರೊಟ್ಟಿ ಬೆಳ್ಳಗೆ, ತುಸು ಸಿಹಿ. ಮೊಳಕೆ ಭಾಗದ ಕೊಬ್ಬು ಹಿಟ್ಟಿನಲ್ಲೇ ಉಳಿಯುವುದರಿಂದ ಬೀಸಿದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ, ಜಿಗಿಯೂ ಇಳಿಯುತ್ತದೆ. ಬೇಕಾದಷ್ಟೇ ಬೀಸಿಕೊಳ್ಳುವ ಹಳ್ಳಿಯ ರೂಢಿ ಅದಕ್ಕೇ ಸರಿ. ಪೂರ್ತಿ ಒಣಗಿಸಿದ ಖಡಕ್ ರೊಟ್ಟಿ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಜೊತೆಗೆ ಉಣ್ಣುವ ಕಾಳುಪಲ್ಯ ಆ ಕೊರತೆ ತುಂಬುತ್ತದೆ.

ಗೋಧಿಯ ಸ್ಥಾನ

ಯುರೋಪಿನಲ್ಲಿ ಚಳಿಗಾಲದ ಗೋಧಿ ಎನ್ನುವುದು ವಾರಗಟ್ಟಲೆ ಕೊರೆಯುವ ಚಳಿ ತಗಲದೆ ತೆನೆ ಹಾಯದ ಬಗೆಯನ್ನು. ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನ ಈ ತಾಲೂಕುಗಳಲ್ಲಿ ಅಂಥ ಚಳಿ ಇಲ್ಲ. ಭಾರತದಲ್ಲಿ ಚಳಿಗಾಲದಲ್ಲಿ ಬೆಳೆಯುವುದು ಬಹುಪಾಲು ಚಳಿಯ ಹಂಗಿಲ್ಲದ ವಸಂತ ಬಗೆಯ ಗೋಧಿಯೇ. ಇಲ್ಲಿ ಚಳಿಗಾಲ ಕಿರಿದು. ಫೆಬ್ರವರಿಯ ಬಿಸಿಲು ಏರುತ್ತಿದ್ದಂತೆ ಕಾಳು ಬಲಿಯದೆ ಮುರುಟುತ್ತದೆ. ಹಾಗಾಗಿ ನೀರಿದ್ದವರು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬಿತ್ತಿ ಮುಗಿಸಬೇಕು. ಬಿತ್ತಿದ 21ನೆಯ ದಿನದ ಸುಮಾರಿಗೆ ಮುಕುಟ ಬೇರು ಮೂಡುವಾಗ ನೀರು ತಪ್ಪಬಾರದು.

ಕರ್ನಾಟಕದಲ್ಲಿ ಮೂರು ಜಾತಿಯ ಗೋಧಿಯೂ ಬೆಳೆಯುತ್ತದೆ. 42 ವರ್ಣತಂತುಗಳ ಈಸ್ಟಿವಮ್ ಗೋಧಿಯಲ್ಲಿ ಬ್ರೆಡ್ಡಿಗೆ ಬೇಕಾದ ಬಲವಾದ ಗ್ಲುಟೆನ್ ಕೊಡುವ ‘ಡಿ’ ಜೀನೋಮ್ ಇದೆ. ಧಾರವಾಡದಲ್ಲಿ ರೂಪುಗೊಂಡ ಡಿಡಬ್ಲ್ಯುಆರ್-162, ಯುಎಎಸ್-304, ಯುಎಎಸ್-347 ಈ ಜಾತಿಯವು. 28 ವರ್ಣತಂತುಗಳ ಡ್ಯೂರಮ್ ಗೋಧಿ ರವೆ, ಶಾವಿಗೆಗೆ ಒಳ್ಳೆಯದು. ಬಿಜಗ ಹಳದಿ ಅದರ ಹಳೆಯ ಒಣ ಬೇಸಾಯದ ತಳಿ. 28 ವರ್ಣತಂತುಗಳದೇ ಇನ್ನೊಂದು ಜಾತಿ ಡೈಕಾಕಮ್. ಜವೆ, ಸದಕ, ಕಪ್ಲಿ ಎಂದೆಲ್ಲ ಕರೆಯುವ ಇದರ ಹುಗ್ಗಿ, ಮಾದಲಿಗೆ ಹೆಸರು. ಧಾರವಾಡದ ಡಿಡಿಕೆ-1025, ಡಿಡಿಕೆ-1029 ಇದರ ಗಿಡ್ಡ ತಳಿಗಳು.

ಗೋಧಿಗೆ ದೊಡ್ಡ ಶತ್ರು ತುಕ್ಕು ರೋಗ. ಬೇಸಿಗೆಯಲ್ಲಿ ಬಯಲು ಸುಡುವಾಗ ದಕ್ಷಿಣ ಭಾರತದ ತುಕ್ಕು ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದುಕೊಳ್ಳುತ್ತದೆ ಎಂಬುದನ್ನು ಆಗ್ರಾದ ಸಸ್ಯರೋಗ ವಿಜ್ಞಾನಿ ಕೆ. ಸಿ. ಮೆಹ್ತಾ ತೋರಿಸಿದರು. ನವೆಂಬರಿನ ಚಂಡಮಾರುತದ ಗಾಳಿ, ಮಳೆ ಅದರ ಬೀಜಕಗಳನ್ನು ಕರ್ನಾಟಕದ ಮೇಲೆ ಹಾಯಿಸಿ ಮಧ್ಯ ಭಾರತಕ್ಕೆ ಒಯ್ಯುತ್ತದೆ. ಆದ್ದರಿಂದ ಇಲ್ಲಿ ತುಕ್ಕು ತಾಳುವ ತಳಿ ಬೆಳೆದರೆ ಅದು ಉತ್ತರದ ಹೊಲಗಳಿಗೂ ರಕ್ಷೆ. ಕಪ್ಲಿ ಗೋಧಿಯ ತುಕ್ಕು ತಾಳುವ ಗುಣ ಹೊರದೇಶಗಳಿಗೂ ಗೊತ್ತು. ಅಮೆರಿಕದ ವಿಜ್ಞಾನಿ ಸ್ಟಾಕ್‌ಮನ್ ಕಾಂಡ ತುಕ್ಕಿನ ರೂಪಗಳನ್ನು ಗುರುತಿಸಲು ಆರಿಸಿದ 12 ಗೋಧಿಗಳಲ್ಲಿ ಕಪ್ಲಿಯೂ ಒಂದಾಗಿತ್ತು.

ಇಂದಿನ ಸ್ಥಿತಿ

ಕಳೆದ ಕೆಲವು ದಶಕಗಳಲ್ಲಿ ಈ ತಾಲೂಕುಗಳ ಹೊಲಗಳನ್ನು ಮೆಕ್ಕೆಜೋಳ ವ್ಯಾಪಿಸಿದೆ. ಅದಕ್ಕೆ ಕೋಳಿ ಆಹಾರ, ಪಿಷ್ಟದ ಕಾರ್ಖಾನೆಗಳ ಖಚಿತ ಮಾರುಕಟ್ಟೆ ಇದೆ. ಬೇಸಾಯದ ದುಡಿಮೆಯೂ ಕಡಿಮೆ. ತುಂಗಭದ್ರೆಯ ಸಿಂಗಟಾಲೂರು ಏತ ನೀರಾವರಿ ಹಡಗಲಿಯ ಹೊಲಗಳಿಗೆ ನೀರು ತಂದಾಗ ಬೆಳೆಯ ಆಯ್ಕೆಯೂ ಬದಲಾಗತೊಡಗಿತು. ಪಡಿತರದ ಅಕ್ಕಿ ಊಟದ ಎಲೆಯನ್ನು ಬದಲಿಸಿತು. ಎತ್ತುಗಳು ಕಡಿಮೆಯಾದಂತೆ ಕಣಿಕೆಯ ಬೇಡಿಕೆಯೂ ಕೆಲವು ಮನೆಗಳಲ್ಲಿ ಕುಗ್ಗಿತು. ಜೋಳ ಕೀಳಲು ಆಳು ಸಿಗದಿರುವುದು ಇವೆಲ್ಲಕ್ಕಿಂತ ದೊಡ್ಡ ತೊಡಕು. ಇನ್ನೊಂದೆಡೆ ಪಟ್ಟಣಗಳಲ್ಲಿ ರೊಟ್ಟಿ ಮಾರುವ ಮಹಿಳೆಯರ ಗುಂಪುಗಳು ಬೆಳೆದಿವೆ, ರೊಟ್ಟಿ ತಟ್ಟುವ ಯಂತ್ರಗಳು ಬಂದಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳದ ಬಗ್ಗೆ ನಗರದವರ ಒಲವೂ ಹೆಚ್ಚಿದೆ.

ಈ ಒಲವು ಹೊಲಕ್ಕೆ ಮುಟ್ಟಬೇಕಾದರೆ ಮೂರು ಕೆಲಸ ಆಗಬೇಕು. ಮೇವು ಕೆಡಿಸದೆ ಎತ್ತರದ ಜೋಳ ಕೊಯ್ಯುವ ಸಣ್ಣ ಯಂತ್ರ ಬೇಕು. ಖರೀದಿ ಕೇಂದ್ರಗಳು ಫೆಬ್ರವರಿಯಲ್ಲಿ, ರಾಶಿಯಾದ ಹೊತ್ತಿಗೇ ತೆರೆಯಬೇಕು. ತಡವಾದರೆ ಸಾಲಗಾರ ರೈತ ಕಾಳನ್ನು ಸಿಕ್ಕ ಬೆಲೆಗೆ ಮಾರಿಬಿಡುತ್ತಾನೆ. ಹೊಸ ತಳಿ ಬಿಡುಗಡೆಯಾಗುವ ಮೊದಲು ಇಳುವರಿಯ ಅಂಕಿಯ ಜೊತೆ ರೊಟ್ಟಿ ತಟ್ಟುವವರ ತೀರ್ಪೂ ದಾಖಲಾಗಬೇಕು. ಬೀಜದ ಮಟ್ಟಿಗೆ ರೈತನ ಕೈಯಲ್ಲೇ ದೊಡ್ಡ ಶಕ್ತಿಯಿದೆ. ಜೋಳ ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ. ಮಾಲ್ದಂಡಿಯಂಥ ತಳಿಯ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕಿಲ್ಲ. ಬೇರೆ ಜೋಳದಿಂದ ದೂರವಿರುವ ಹೊಲದ ನಡುವೆ, ಒರಗದ ಗಿಡಗಳಲ್ಲಿ, ತುಂಬಿದ ತೆನೆಗಳನ್ನು ನಿಂತ ಬೆಳೆಯಲ್ಲೇ ಗುರುತಿಸಿ ಬೇರೆ ಮುರಿದಿಟ್ಟರೆ ಮುಂದಿನ ಉತ್ತರೆಗೆ ಬೇಕಾದ ಬೀಜ ಮನೆಯಲ್ಲೇ ಸಿದ್ಧ. ಎಕರೆಗೆ 3 ಕಿಲೋ ಕಾಳು ಆರಿಸಿಡುವ ಈ ಕೆಲಸವನ್ನು ಪ್ರತಿ ಹಳ್ಳಿಯಲ್ಲಿ ಕೆಲವು ಮನೆಗಳಾದರೂ ಬಿಡದೆ ಮಾಡುವುದು ಇಂದು ತೀರ ಅಗತ್ಯ.